ಕೆಂಪು ಸಮುದ್ರ, ಮುತ್ಯಾಲಮ್ಮನ ಹಾಲು

ಜನವರಿ 9, ಮಂಗಳವಾರ

ಅಂಗಡಿ ತೆಗೆದಿದ್ದು ಎಂಟೂವರೆಗೆ. ಎರಡು ಮಿಕ್ಸಿ, ಒಂದು ಸ್ಟೆಬಿಲೈಜರ್. ಆಮೇಲೆ ಮುನಿರಾಜು ಬಂದ. ಕ್ಯಾಸಂಬಳ್ಳಿ ಪಕ್ಕದ ಹಳ್ಳಿಯ ಡೇರಿ ಸೆಕ್ರೆಟರಿ. ಹಾಲು ಪರೀಕ್ಷೆ ಮಾಡುವ ಮಷೀನನ್ನು ಕೂಸಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡಿದ್ದ.

"ಕಲ್ಪನಕ್ಕಾ, ಸತ್ತೋಗದೆ ಕಣಕ್ಕಾ!"

ಸತ್ತಿಲ್ಲ. ಹಾಲು ಎಷ್ಟು ಬಿಸಿಯಿದೆ ಎಂದು ನೋಡುವ ಸೆನ್ಸರ್ ಹೋಗಿದೆ. ಅಕ್ಕಿಕಾಳಿನಷ್ಟು ವಸ್ತು, ಬರಬೇಕಾದ್ದು ಯುರೋಪಿನಿಂದ. ಬೆಂಗಳೂರಿನ ಡೀಲರಿಗೆ ಫೋನ್ ಮಾಡಿದೆ.

"ಕೆಂಪು ಸಮುದ್ರ, ಮೇಡಂ. ಹಡಗಿಗೆ ಮಿಸೈಲ್ ಹೊಡೀತಾವ್ರೆ. ಆಫ್ರಿಕಾ ಸುತ್ಕೊಂಡು ಬರ್ಬೇಕು. ಮಾರ್ಚ್ ಅಂದ್ಕೊಳ್ಳಿ."

ಸಮುದ್ರ ಇವನ ಅಪ್ಪನದೇ ಎನ್ನುವ ಗತ್ತು. ಯಾರಿಗೋ ಯಾರ ಮೇಲೋ ಸಿಟ್ಟು... ಕ್ಯಾಸಂಬಳ್ಳಿ ಹಸುಗಳು ಮಾರ್ಚ್‌ವರೆಗೆ ಕೆಚ್ಚಲು ಬಿಗಿಹಿಡಿದು ನಿಲ್ಲಬೇಕಂತೆ!

ಜನವರಿ 11, ಗುರುವಾರ

ಮುನಿರಾಜುವಿನ ಫೋನ್, ಬೆಳಿಗ್ಗೆಯಿಂದ ಆರು ಸಲ. ಆರನೆಯದಕ್ಕೆ ಹಳೇ ಎ.ಸಿ.ಯೊಂದನ್ನು ಬಿಚ್ಚಿ, ಅದರ ಸೆನ್ಸರನ್ನೇ ಬೆಸುಗೆ ಹಾಕಿದೆ. ಪಕ್ಕದ ಟೀ ಅಂಗಡಿ ಪೆರುಮಾಳ್‌ನ ಫ್ರಿಡ್ಜಿನಿಂದ ಪ್ಯಾಕೆಟ್ ಹಾಲು ತಂದು ಪರೀಕ್ಷಿಸಿದೆ. ಪ್ಯಾಕೆಟ್ ಮೇಲಿನ ಲೆಕ್ಕಕ್ಕೆ ಚಾಚೂ ತಪ್ಪಲಿಲ್ಲ.

"ನಿಂಗ್ ಹಡಗೇ ಬೇಡಕ್ಕಾ!" ಎಂದ ಪೆರುಮಾಳ್.

ಹೌದು, ಬೇಡ. ಯುದ್ಧ ಮಾಡುವವರು ಮಾಡಿಕೊಳ್ಳಲಿ.

ಜನವರಿ 16, ಮಂಗಳವಾರ

ಮುತ್ಯಾಲಮ್ಮ ಅಂತೆ, ಅದೇ ಹಳ್ಳಿಯವಳು. ಒಂದೇ ಹಸು. ಬಸ್ಸು ಹತ್ತಿ ಅಂಗಡಿಗೇ ಬಂದಳು. ಮೂರು ದಿನದಿಂದ ಅವಳ ಹಾಲಲ್ಲಿ ನೀರು ಎನ್ನುತ್ತಿದೆ ಮಷೀನು. ಡೇರಿಯ ಕರಿಬೋರ್ಡಿನಲ್ಲಿ ಹೆಸರು ಬರೆದಿದ್ದಾರೆ.

"ಇಪ್ಪತ್ತೆರಡು ವರ್ಸ ಆಲು ಆಕಿವ್ನಿ ತಾಯಿ. ನಿನ್ನೆ ಹಬ್ಬ... ಕೊಂಬಿಗೆ ಬಣ್ಣ ಬಳ್ದು ಅಸಾನ ಈಚೆಗೆ ತಂದ್ರೆ, 'ನೀರಾಲಿನ ಅಸ ಬಂತು ನೋಡ್ರಲಾ' ಅಂತ ನಗ್ತಾರೆ. ನೀನ್ ರಿಪೇರಿ ಮಾಡಿದ್ ಮಿಸನ್ನೇ ಅಂಗಂತದೆ!"

"ಮಷೀನು ಸುಳ್ಳು ಹೇಳಲ್ಲಮ್ಮ" ಎಂದೆ.

ನನ್ನನ್ನೇ ನೋಡಿದಳು. ಹೋದಳು.

ಜನವರಿ 19, ಶುಕ್ರವಾರ

ನಿದ್ದೆಯಿಲ್ಲ. ಮುನಿರಾಜುವಿಗೆ ಫೋನ್ ಮಾಡಿ ಕೇಳಿದೆ — ಅವಳ ಮನೆ ಎಲ್ಲಿ?

"ಡೇರಿ ಗೋಡೆಗೆ ಅಂಟ್ಕಂಡೇ ಅದೆ. ನೊರೆ ಇಳ್ಯೋಕ್ ಮುಂಚೆ ತಂದ್ ಆಕ್ತಾಳೆ."

ಉಳಿದವರು ಒಂದು ಮೈಲಿ, ಎರಡು ಮೈಲಿ ದೂರದಿಂದ ಈ ಚಳಿಯಲ್ಲಿ ತರುತ್ತಾರೆ. ಹಾಲು ಆರಿರುತ್ತದೆ. ಇವಳದು ಕೆಚ್ಚಲ ಬಿಸಿ. ನಾನು ಪರೀಕ್ಷಿಸಿದ್ದು ಫ್ರಿಡ್ಜಿನ ಹಾಲಿನಲ್ಲಿ... ಬಿಸಿ ಹಾಲಲ್ಲಿ ನೋಡಲೇ ಇಲ್ಲ. ಎ.ಸಿ.ಯ ಸೆನ್ಸರ್ ಆ ಬಿಸಿಯನ್ನು ತಪ್ಪಾಗಿ ಅಳೆದರೆ, ಮಷೀನು ಅದನ್ನೇ ನೀರು ಎಂದು ಲೆಕ್ಕ ಹಾಕುತ್ತದೆ. ಸಂಜೆ ಅವಳ ಹಾಲನ್ನು ಆರಿಸಿ ಹಾಕಿ ನೋಡು ಎಂದೆ.

ರಾತ್ರಿ ಎಂಟು

ನೀರಿಲ್ಲವಂತೆ. ಒಂದು ತೊಟ್ಟೂ ಇಲ್ಲವಂತೆ. ಅಷ್ಟಕ್ಕೇ ನಿಲ್ಲಿಸಲಿಲ್ಲ ಮುನಿರಾಜು.

"ಸುಮ್ಕಿರಕ್ಕಾ. ನಿನ್ ಎಸ್ರೂ ಓಯ್ತದೆ, ನಂದೂ ಓಯ್ತದೆ. ಇನ್ಮೇಲೆ ಆರ್ಸೇ ಆಕಿಸ್ತೀನಿ. ಮಾರ್ಚ್‌ಗೆ ಸೆನ್ಸರ್ ಬತ್ತದಲ್ಲ."

ಅಂದರೆ ಹಡಗು ಬರುವ ತನಕ ಅವಳು ಊರ ಕಣ್ಣಿಗೆ ಕಳ್ಳಿಯಾಗಿಯೇ ಇರಬೇಕು! ಇನ್ನೂ ಏಳು ಡೇರಿ ನನ್ನನ್ನು ನಂಬಿವೆ, ಸುದ್ದಿ ಹಬ್ಬಿದರೆ ಒಂದೂ ಬರಲ್ಲ, ಗೊತ್ತು. ಮಿಸೈಲನ್ನು ಬೈಯುವುದು ಸುಲಭ. "ಸುಳ್ಳು ಹೇಳಲ್ಲ" ಅಂದದ್ದು ಮಿಸೈಲಲ್ಲ, ನಾನು.

ಜನವರಿ 21, ಭಾನುವಾರ, ಬಸ್ಸಿನಲ್ಲಿ

ಬೆಳಿಗ್ಗೆ ಆರಕ್ಕೇ ಡೇರಿಯಲ್ಲಿದ್ದೆ. ಸಾಲು ನಿಂತಿತ್ತು. ಎಲ್ಲರೆದುರು ಮುತ್ಯಾಲಮ್ಮನ ಹಾಲು ಬಿಸಿಬಿಸಿ ಹಾಕಿದೆ — ನೀರು ಎಂದಿತು. ಅದನ್ನೇ ಆರಿಸಿ ಹಾಕಿದೆ — ನೀರಿಲ್ಲ. ಯಾರೂ ನಗಲಿಲ್ಲ. ಮುನಿರಾಜು ನೆಲ ನೋಡುತ್ತಿದ್ದ. ಸೆರಗು ನೆನೆಸಿ ಬೋರ್ಡು ಒರೆಸಿದೆ.

ಮುತ್ಯಾಲಮ್ಮ ಚಾಕ್‌ಪೀಸ್ ತಂದು ಅಂಗೈಗಿಟ್ಟಳು. "ಅಳಿಸ್ಬುಟ್ರೆ ಆಯ್ತಾ? ಅದೇ ಜಾಗದಾಗೆ ಬರಿ, ತಪ್ಪು ಯಾರ್ದು ಅಂತ."

ಬರೆದೆ. ನನ್ನ ಹೆಸರು, ಅಂಗಡಿ ಹೆಸರು. ದೊಡ್ಡ ಅಕ್ಷರದಲ್ಲಿ.

ಆಮೇಲೆ ಒಂದು ಲೋಟ ಹಾಲು ಮುಂದೆ ಹಿಡಿದಳು. "ಕುಡಿ. ನೀರದಾ ಯೋಳು."

ಕುಡಿದೆ. ಇನ್ನೂ ಬಿಸಿಯಿತ್ತು.

ಬಸ್ಸು ಉರಿಗಾಂ ದಾಟಿಲ್ಲ, ಆಗಲೇ ಫೋನು. ಆ ಏಳರಲ್ಲಿ ಒಂದು, ಬಂಗಾರಪೇಟೆ ಕಡೆಯ ಡೇರಿಯವರು. ಎತ್ತಿದೆ. "ಕಲ್ಪನಕ್ಕಾ, ತಪ್ಪು ನಂದು ಅಂತ ಬೋರ್ಡ್‌ನಾಗೆ ನೀನೇ ಬರ್ದ್ಯಂತೆ? ಅಂಗಾದ್ರೆ ನಮ್ ಮಷೀನು ಯೋಳೋದೂ ಸುಳ್ಳಾ?"