ಬೇರು ಹಿಡಿದ ಕಲ್ಲು

ಬೈಂಡಿಂಗ್ ಅಂಗಡಿ,
ಭಾನುವಾರ, ಸೆಪ್ಟೆಂಬರ್ ೧೪

ಪ್ರೀತಿಯ ಮರಿ,

ನೀನು ಕ್ಷೇಮವಾಗಿದ್ದೀಯ ಎಂದು ನಂಬಿದ್ದೇನೆ. ಇಲ್ಲಿ ನಿನ್ನ ಅಮ್ಮ, ನಾನು, ಆರು ಮೀನುಗಳು ಎಲ್ಲರೂ ಚೆನ್ನಾಗಿದ್ದೇವೆ. ‘ಮರಿ’ ಎಂದದ್ದಕ್ಕೆ ಮುಖ ಸಿಂಡರಿಸಬೇಡ. ಅದು ಅಮ್ಮ ಕರೆಯುವ ಹೆಸರು, ಈ ಕಾಗದದ ಮಟ್ಟಿಗೆ ಎರವಲು ತಂದಿದ್ದೇನೆ. ನೀನು ನರ್ಸಿಂಗ್ ತರಬೇತಿಗೆ ಹೋಗಿ ಮೂರು ತಿಂಗಳಾಯಿತು, ನಾನು ಒಂದು ಸಾಲೂ ಬರೆದಿರಲಿಲ್ಲ. ದಿನವಿಡೀ ಊರವರ ಪುಸ್ತಕ ಹೊಲಿಯುವವನಿಗೆ ತನ್ನದೊಂದು ಹಾಳೆ ತುಂಬಿಸಲು ಇಷ್ಟು ದಿನ ಬೇಕಾಯಿತೇ ಎಂದು ನೀನು ನಗಬಹುದು. ನಗು, ತಪ್ಪಿಲ್ಲ. ಗಿಡ ನಿಲ್ಲುವವರೆಗೆ ಬರೆಯಬಾರದು ಎಂದು ಹಟ ಹಿಡಿದಿದ್ದೆ.

ಹೊರಡುವ ದಿನ ನೀನು ಚೀಲದ ಜಿಪ್ ಎಳೆಯುತ್ತಾ ಅಮ್ಮನಿಗೆ ಹೇಳಿದ ಮಾತು ನನಗೂ ಕೇಳಿಸಿತ್ತು. “ಆ ಮೀನಿನ ತೊಟ್ಟಿ ಯಾರಿಗಾದ್ರೂ ಕೊಟ್ಬಿಡಮ್ಮ. ನನಗೋಸ್ಕರ ಇಟ್ಕೋಬೇಡ. ರಜೆಗೆ ಬರೋದೂ ಅನುಮಾನವೇ.” ಅದು ನಿನ್ನ ಅಪ್ಪ ತಂದಿಟ್ಟ ತೊಟ್ಟಿ. ಅವರು ತೀರಿಕೊಂಡ ಮೇಲೆ, ನಾನು ಅಮ್ಮನನ್ನು ಮದುವೆಯಾಗಿ ಈ ಮನೆಗೆ ಬಂದ ಮೇಲೂ, ಯಾರಿಗೂ ಮುಟ್ಟಗೊಡದೆ ನೀನೇ ನೋಡಿಕೊಂಡದ್ದು. ಅದನ್ನೇ ಬೇಡ ಎಂದರೆ ಮನೆಯೇ ಬೇಡ ಎಂದ ಹಾಗೆ ಅನ್ನಿಸಿತು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಎದುರು ಮನೆಯ ಹಲ್ಲಿನ ಡಾಕ್ಟರಿಗೆ ಸುದ್ದಿ ಹೇಗೆ ಮುಟ್ಟಿತೋ ಕಾಣೆ. ಬಂದವರೇ ತೊಟ್ಟಿಯ ಸುತ್ತ ಒಂದು ಸುತ್ತು ಹಾಕಿ, “ನಮ್ಮ ಕ್ಲಿನಿಕ್ಕಿಗೆ ಹೇಳಿ ಮಾಡಿಸಿದ ಹಾಗಿದೆ. ಕಾಯ್ತಾ ಕೂತೋರಿಗೆ ಭಯ ಕಮ್ಮಿ ಆಗುತ್ತೆ” ಎಂದರು. ಅಮ್ಮ ತಲೆಯಾಡಿಸಿಬಿಟ್ಟಳು. ನಾನು ಅಡ್ಡ ಬಾಯಿ ಹಾಕಿದೆ. ಕೊನೆಗೆ ಅಮ್ಮ ಒಂದು ತೀರ್ಪು ಕೊಟ್ಟಳು: “ಒಳಗಿರೋ ಗಿಡವೆಲ್ಲ ಕೊಳೆತು ಹೋಗಿದೆ. ಸೆಪ್ಟೆಂಬರ್ ಎರಡನೇ ಶನಿವಾರದೊಳಗೆ ಹೊಸ ಗಿಡ ನಿಲ್ಲಿಸಿ ತೋರ್ಸಿ, ತೊಟ್ಟಿ ಇಲ್ಲೇ ಇರ್ಲಿ. ಇಲ್ದಿದ್ರೆ ಡಾಕ್ಟ್ರ ಪಾಲು.” ಅದೇನು ಮಹಾ ಎಂದುಕೊಂಡೆ.

ಮಹಾ ಎಂದು ಗೊತ್ತಾಗಲು ಒಂದೇ ದಿನ ಸಾಕಾಯಿತು. ಹೊಸ ಗಿಡಗಳನ್ನು ತಂದು, ಕುಂಡದಲ್ಲಿ ನೆಡುವ ಹಾಗೆ ತೊಟ್ಟಿಯ ಮರಳಿಗೆ ಚುಚ್ಚಿದೆ. ಮಾರನೆಯ ಬೆಳಿಗ್ಗೆ ನೋಡಿದರೆ ಗಿಡಗಳೆಲ್ಲ ನೀರಿನ ಮೇಲೆ ಅಂಗಾತ ಮಲಗಿವೆ, ಮೀನುಗಳು ಅವುಗಳ ನೆರಳಲ್ಲಿ ತಿರುಗಾಡುತ್ತಿವೆ. ಎರಡನೆಯ ಸಲ ಮೂರು ಬೆರಳು ಆಳಕ್ಕೆ ಹೂತೆ. ದಪ್ಪ ಎಲೆಯ ಗಿಡವೊಂದಿತ್ತು, ಶುಂಠಿಯಂತೆ ಅಡ್ಡಕ್ಕೆ ಬೆಳೆಯುವ ದಂಟು ಅದಕ್ಕೆ. ಆ ದಂಟು ವಾರದಲ್ಲಿ ಕೊಳೆತು ನಾರಿತು. ಆಗ ನನ್ನ ಕಸುಬಿನ ಬುದ್ಧಿ ಓಡಿತು. ರಟ್ಟಿಗೆ ಹಚ್ಚುವ ಬಿಳಿ ಗೋಂದಿನಿಂದ ಹೊಸ ಗಿಡವೊಂದನ್ನು ಹಂಚಿನ ಚೂರಿಗೆ ಅಂಟಿಸಿ ಒಳಗೆ ಬಿಟ್ಟೆ. ಅರ್ಧ ಗಂಟೆಯಲ್ಲಿ ನೀರು ಹಾಲಿನಂತೆ ಬೆಳ್ಳಗಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಅಮ್ಮ ಬಕೆಟ್ ತಂದಳು, ನಾನು ಟೀ ಸೋಸುವ ಜಾಲರಿಯಲ್ಲಿ ಒಂದೊಂದನ್ನೇ ಹಿಡಿದು ಹಾಕಿದೆ. ಆರೂ ಬದುಕಿದವು. ಆ ಜಾಲರಿಯಲ್ಲಿ ಸೋಸಿದ ಟೀಯನ್ನು ಅಮ್ಮ ಇವತ್ತಿಗೂ ಕುಡಿಯುವುದಿಲ್ಲ.

ಅಷ್ಟಾದರೂ ಬುದ್ಧಿ ಬರಲಿಲ್ಲ ನೋಡು. ಮೂರನೆಯ ಗಿಡವನ್ನು ಮೇಣ ತೀಡಿದ ನಮ್ಮ ಹೊಲಿಗೆ ದಾರದಿಂದ ಹಂಚಿನ ಚೂರಿಗೆ ಬಿಗಿದೆ. ನನಗೆ ಕೆಲಸ ಕಲಿಸಿದ ಗುರುಗಳು “ಹಾಳೆ ಉಸಿರಾಡಬಾರದು ಕಣೋ, ಹಾಗೆ ಎಳಿ” ಎನ್ನುತ್ತಿದ್ದರು. ಹಾಗೇ ಎಳೆದೆ. ನಾಲ್ಕು ದಿನಕ್ಕೆ ದಂಟು ದಾರವಿದ್ದ ಕಡೆ ಎರಡು ತುಂಡಾಗಿತ್ತು. ತುಂಡುಗಳನ್ನು ಹಿಡಿದು ಮೀನಿನಂಗಡಿಗೆ ಹೋದೆ. ಅಂಗಡಿಯ ಅಜ್ಜಿ ಕನ್ನಡಕ ಏರಿಸಿ ನೋಡಿ, “ಇದೇನು, ಗಿಡ ಕಟ್ಟಿದ್ರಾ, ಕಳ್ಳನ್ನ ಕಟ್ಟಿದ್ರಾ?” ಎಂದರು. ಆಮೇಲೆ ಪಾಪ, ಕೂರಿಸಿಕೊಂಡು ಹೇಳಿಕೊಟ್ಟರು.

“ಈ ಜಾತಿದನ್ನ ಹೂಳಬೇಡಿ, ಅಂಟಿಸಬೇಡಿ. ಕಲ್ಲನ್ನ ಕುದಿಸಿ ಆರಿಸಿ, ಅದರ ಮೇಲೆ ಕೂರಿಸಿ. ಮಾಮೂಲಿ ಹತ್ತಿ ದಾರ ಎರಡು ಸುತ್ತು ಸಾಕು. ಒಂದೂವರೆ ತಿಂಗಳಿಗೆ ದಾರ ತಾನೇ ನವೆದು ಹೋಗುತ್ತೆ. ಅಷ್ಟೊತ್ತಿಗೆ ಬೇರು ಹಿಡ್ಕೊಂಡಿರುತ್ತೆ.”

“ಹಿಡ್ಕೊಳ್ಳದಿದ್ರೆ?”

“ಹಿಡ್ಕೊಳ್ಳೋದು ಗಿಡದ ಕೆಲಸ. ಅದೂ ನಿಮ್ಮದೇ ಅಂದ್ಕೊಂಡಿದ್ದೀರಲ್ಲ, ಅದೇ ತಪ್ಪು.”

ಹರಿದುಹೋಗಲಿ ಎಂದೇ ದಾರ ಕಟ್ಟುವುದು ನನ್ನ ಕಸುಬಿಗೇ ಅವಮಾನ. ಆದರೂ ಒಪ್ಪಿಕೊಂಡೆ. ಎಷ್ಟು ಸಡಿಲ ಎನ್ನುವುದು ಮಾತ್ರ ತಿಳಿಯುತ್ತಿರಲಿಲ್ಲ. ಅದೇ ವಾರ ಅಮ್ಮ ಫೋನಿನಲ್ಲಿ ನಿನಗೆ ಗೋಂದಿನ ಕಥೆಯನ್ನೆಲ್ಲ ಹೇಳಿದಳಲ್ಲ, ನಾನು ಪಕ್ಕದಲ್ಲೇ ಇದ್ದೆ. ನೀನು ನಕ್ಕದ್ದು ಕೇಳಿಸಿತು. ಆಮೇಲೆ ನೀನು, “ಬ್ಯಾಂಡೇಜ್ ಥರ ಕಟ್ಟಬೇಕಂತ ಹೇಳಮ್ಮ ಅವರಿಗೆ. ಕೆಳಗೆ ಬೆರಳಿನ ತುದಿ ತೂರಬೇಕು” ಎಂದೆ. ಎಂಟು ವರ್ಷದಿಂದ ನಾನು ನಿನಗೆ ‘ಅವರು’. ಪರವಾಗಿಲ್ಲ, ಆ ದಿನ ‘ಅವರಿಗೆ’ ಬಹಳ ಸಂತೋಷವಾಯಿತು. ಬೇಡದ ತೊಟ್ಟಿಗೆ ಯಾರೂ ಉಪಾಯ ಹೇಳುವುದಿಲ್ಲ.

ನಿನ್ನ ಅಳತೆಯಲ್ಲೇ ಕಟ್ಟಿದೆ. ನನ್ನ ಬೈಂಡಿಂಗ್ ಅಂಗಡಿಯಲ್ಲಿ ಒಂದು ಚಪ್ಪಟೆ ಕಲ್ಲಿತ್ತು, ಅದನ್ನೇ ಕುದಿಸಿ ತೊಳೆದೆ. ತೊಟ್ಟಿಯೊಳಗೆ ಇಟ್ಟರೆ ಮೀನುಗಳು ಕೆದಕುತ್ತವೆ ಎಂದು ಅಂಗಡಿಯ ಕಿಟಕಿಯಲ್ಲಿ ದೊಡ್ಡ ಗಾಜಿನ ಬೋಗುಣಿಗೆ ನೀರು ತುಂಬಿ ಇಟ್ಟುಕೊಂಡೆ. ಬೆಳಿಗ್ಗೆ ಬಂದ ಕೂಡಲೇ ಅದರ ಮುಖ ನೋಡುವುದೇ ಕೆಲಸವಾಯಿತು. ಮೂರು ವಾರ ಏನೂ ಇಲ್ಲ. ನಾಲ್ಕನೇ ವಾರ ದಂಟಿನ ಕೆಳಗೆ ಬಿಳಿ ಎಳೆಯೊಂದು ಇಣುಕಿತು. ಅದು ಕಲ್ಲಿನ ಮೇಲೆ ತಡಕಾಡಿಕೊಂಡು ಹೋಗಿ ಒಂದು ಸಣ್ಣ ಕುಳಿಯಲ್ಲಿ ನಿಂತಿತು. ಮೊದಲ ದಿನ ತೇಲಿದ್ದ ಉದ್ದ ಎಲೆಯ ಗಿಡಗಳನ್ನು ತೊಟ್ಟಿಯ ಮರಳಲ್ಲೇ ಮತ್ತೆ ನೆಟ್ಟು, ಬುಡಕ್ಕೆ ನಾಲ್ಕಾರು ಗುಂಡು ಕಲ್ಲಿಟ್ಟೆ. ಅವೂ ಮೇಲೇಳಲಿಲ್ಲ.

ನಿನ್ನೆ ಶನಿವಾರ. ಡಾಕ್ಟರು ಅಳತೆಯ ಟೇಪು ಹಿಡಿದು ಹತ್ತು ಗಂಟೆಗೇ ಹಾಜರು. ಅಷ್ಟರಲ್ಲಿ ನಾನು ಕಲ್ಲು ತಂದು ತೊಟ್ಟಿಯ ನಡುವೆ ಇಳಿಸಿದ್ದೆ. ದಾರ ಒಂದು ಕಡೆ ಆಗಲೇ ನವೆದು ತೇಲುತ್ತಿತ್ತು. ಅಮ್ಮ ಬಳೆ ಹಿಂದೆ ಸರಿಸಿ, ಮೊಣಕೈವರೆಗೆ ಕೈ ಮುಳುಗಿಸಿ, ಗಿಡವನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಎಳೆದಳು. ಬರಲಿಲ್ಲ. ಇನ್ನೊಮ್ಮೆ ಎಳೆದಳು. ಕಲ್ಲು ಸ್ವಲ್ಪ ಅಲುಗಿತು, ಗಿಡ ಬರಲಿಲ್ಲ. ಡಾಕ್ಟರು ಟೇಪು ಸುತ್ತಿಕೊಂಡು, “ನಾನು ನನ್ನ ಪೇಷೆಂಟುಗಳಿಗೆ ಹಳೇ ಮ್ಯಾಗಜೀನನ್ನೇ ಇಡ್ತೀನಿ ಬಿಡಿ” ಎಂದು ಹೊರಟರು. ಹರಿದವನ್ನು ಪುಕ್ಕಟೆ ಹೊಲಿದುಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ಅಮ್ಮ ಮಾತ್ರ ಕೈ ಹೊರಗೆ ತೆಗೆಯದೆ ಆ ಕಲ್ಲನ್ನೇ ನೋಡುತ್ತಿದ್ದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, “ಇದನ್ನ ನೀವೇ ಅವಳಿಗೆ ಬರೀರಿ. ನಾನು ಹೇಳಲ್ಲ” ಎಂದಳು.

ಹೊತ್ತು ಹೊತ್ತಿಗೆ ಊಟ ಮಾಡು. ವಾರ್ಡಿನಲ್ಲಿ ದಿನವಿಡೀ ನಿಂತು ಕಾಲು ಊದುತ್ತದಂತೆ, ಅಮ್ಮ ಹೇಳಿದಳು. ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೋ. ನಿನ್ನ ಕೈಯಿಂದ ನೂರಾರು ಜನ ಎದ್ದು ಓಡಾಡುವಂತಾಗಲಿ. ನಿನಗೆ ಸದಾ ಒಳ್ಳೆಯದಾಗಲಿ.

ನಿನ್ನ ಮನೆಯ
ಬೈಂಡರ್

ತಾ.ಕ.: ಮೀನು ಕೆದಕುತ್ತವೆ ಎಂದು ಬರೆದದ್ದು ಅರ್ಧ ನಿಜ. ಆ ಕಲ್ಲನ್ನು ಮನೆಗೆ ತರಲು ನನಗೆ ಧೈರ್ಯವಿರಲಿಲ್ಲ. ಬೂದು ಬಣ್ಣ, ನಡುವೆ ಅಡ್ಡಕ್ಕೊಂದು ಬಿಳಿ ಗೆರೆ. ನಿನಗೆ ಗೊತ್ತಾಯಿತಲ್ಲ. ನಿನ್ನ ಅಪ್ಪ ಹೊಳೆಯಿಂದ ಹೊತ್ತು ತಂದದ್ದು. ನಾನು ಬಂದ ಮೊದಲ ತಿಂಗಳು, ಒಳ್ಳೆಯವನೆನಿಸಿಕೊಳ್ಳಲು, ನೀನು ಶಾಲೆಯಲ್ಲಿದ್ದಾಗ ತೊಟ್ಟಿ ತೊಳೆದೆ. ಕಲ್ಲು ಚಪ್ಪಟೆಯಾಗಿ ಭಾರವಾಗಿತ್ತು, ಗೋಂದು ಹಚ್ಚಿದ ಪುಸ್ತಕಗಳ ಮೇಲಿಡಲು ಸರಿಯಾಗಿದೆ ಎಂದು ಅಂಗಡಿಗೆ ಒಯ್ದೆ. ಯಾರದೆಂದು ಕೇಳಲೂ ಇಲ್ಲ. ಸಂಜೆ ನೀನು ಅಳುತ್ತಾ ಹುಡುಕಿದೆ. ನಿನ್ನ ಜೊತೆ ನಾನೂ ಹುಡುಕಿದೆ. ಕಸದ ಡಬ್ಬಿಯನ್ನು ಬೋರಲು ಹಾಕಿ ತೋರಿಸಿದವನೂ ನಾನೇ. ಎಂಟು ವರ್ಷ ದಿನವೂ ಅದನ್ನು ಎತ್ತಿ ಇಳಿಸಿದ್ದೇನೆ, ಒಂದು ದಿನವೂ ಹೇಳಲಿಲ್ಲ. ನನ್ನನ್ನು ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ. ಕಲ್ಲು ಈಗ ಮೊದಲಿದ್ದ ಜಾಗದಲ್ಲೇ ಇದೆ. ಬೈಯಬೇಕು ಅನ್ನಿಸಿದರೆ ಫೋನಿನಲ್ಲಿ ಬೈಯಬೇಡ. ರಜೆಗೆ ಬಂದು, ತೊಟ್ಟಿಯ ಮುಂದೆ ಕೂತು, ಸಮಾಧಾನವಾಗುವಷ್ಟು ಹೊತ್ತು ಬೈಯಿ. ನಾನು ಎದ್ದು ಹೋಗುವುದಿಲ್ಲ.