ಬಾಳವ್ವ ಹಿಡಿದ ಹಸಿರು ನಿಶಾನೆ

ಜನವರಿ 10, ಬೆಳಿಗ್ಗೆ 6:50

ಕೊಲ್ಲಾಪುರ ಗೂಡ್ಸ್ ಶೆಡ್. ಮಂಜು. ಬೆರಳು ಮರಗಟ್ಟಿ ಕ್ಯಾಮೆರಾದ ಗುಂಡಿ ಒತ್ತಲಾಗುತ್ತಿಲ್ಲ. ಸಕ್ಕರೆ ತುಂಬಿದ ನಲವತ್ತೆರಡು ಡಬ್ಬಿ, ಇಂಜಿನ್ ಹಚ್ಚಿ ಆಗಿದೆ. ಯಾವಾಗ ಬಿಡುತ್ತಾರೋ... ಗೂಡ್ಸ್ ಗಾಡಿಗೂ ನನ್ನ ಸೋದರಮಾವನಿಗೂ ಟೈಮ್ ಎಂಬುದಿಲ್ಲ. ಇಚಲಕರಂಜಿಯಲ್ಲಿ ವಾರವಿಡೀ ಮಗ್ಗ ರಿಪೇರಿ ಮಾಡುವ ನನಗೆ ಸಿಗುವುದು ಇದೊಂದೇ ರಜೆ. ಗಡಹಿಂಗ್ಲಜಕ್ಕೆ ಅದೇ ಮಾವನನ್ನು ನೋಡಲು ಹೊರಟೆ ಎಂದು ಕಾಂಚನಾಳಿಗೆ ಸುಳ್ಳು ಹೇಳಿ ಬಂದೆ. ಗಂಡ ರೈಲಿನ ಹಿಂದೆ ಓಡುತ್ತಾನೆ ಎಂದರೆ ಅವಳ ತವರಿನವರು ಆಡಿಕೊಳ್ಳುತ್ತಾರೆ.

ಅದೇ ದಿನ, 10:30

ರುಕಡಿ ಸೇತುವೆ ಮೇಲೆ ಗಾಡಿಯ ಫೋಟೋ ಚೆನ್ನಾಗಿ ಸಿಕ್ಕಿತು. ಈಗ ಹಾತಕಣಂಗಲೆಯಲ್ಲಿ ಪ್ಯಾಸೆಂಜರ್‌ಗೆ ದಾರಿ ಬಿಟ್ಟು ನಿಂತಿದೆ. ಬೈಕ್ ಓಡಿಸಿ ಮುಂದಿನ ಗೇಟಿಗೆ ಮೊದಲೇ ಬಂದೆ. ಗೇಟ್‌ಮನ್ ಸಾತಪ್ಪ. ಎದೆಯ ಮೇಲೆ ಲಿಂಗದ ಕರಡಿಗೆ ಕಂಡು ನಾನೇ ಕನ್ನಡದಲ್ಲಿ ಮಾತಾಡಿಸಿದೆ.

"ಯಾವ ಊರ್ರಿ?"

"ಗಡಹಿಂಗ್ಲಜ ಬಾಜೂಕ. ಹಂಗಾರ ನೀವೂ ನಮ್ಮವರ ಅನ್ರಿ! ಒಳಗ ಬರ್ರಿ, ಥಂಡಿ ಭಾಳ ಐತಿ."

ಹೊರಗಿನವರನ್ನು ಕ್ಯಾಬಿನ್ನಿಗೆ ಬಿಡುವಂತಿಲ್ಲ. ಬಿಟ್ಟರು. ರಾತ್ರಿ ಪಾಳಿ ಮುಗಿದರೂ ಬದಲಿ ಆಳು ಬಂದಿಲ್ಲವಂತೆ. ಲಿಂಗಪೂಜೆ ಆಗದೆ ನೀರೂ ಮುಟ್ಟುವವರಲ್ಲ. ಹೆಂಡತಿ ಬಾಳವ್ವ ಬುತ್ತಿಯ ಜೊತೆ ವಿಭೂತಿಯನ್ನೂ ಇಲ್ಲಿಗೇ ತಂದಿದ್ದಾರೆ.

ಸಂಜೆ 7:00

ಎಂಥ ಫೋಟೋ! ಗಾಡಿ ಬರುತ್ತದೆಂದು ಫೋನ್ ಬಂತು. ಸಾತಪ್ಪ ತಾವೇ ಗೇಟ್ ಹಾಕಿ ಕೀಲಿ ತಿರುಗಿಸಿದರು. ಕಬ್ಬಿನ ಟ್ರ್ಯಾಕ್ಟರ್‌ಗಳು ಸಾಲಾಗಿ ನಿಂತವು. ಇನ್ನೂ ಹೊತ್ತಿದೆ ಎಂದು ಅವರು ಪೂಜೆಗೆ ಕೂತರು. ಗಾಡಿ ಬೇಗ ಬಂತು. ಅಂಗೈಯಲ್ಲಿ ಲಿಂಗ ಇರುವಾಗ ನಡುವೆ ಏಳುವಂತಿಲ್ಲ. ಬಾಳವ್ವ ಹಸಿರು ನಿಶಾನೆ ಹಿಡಿದು ಹೊರಗೆ ಬಂದು ನಿಂತರು. ಬಾಳವ್ವನಿಗೆ ಹೇಳಿ ಹೊರಟಿದ್ದ ನಾನು ಆಗ ದೂರದ ದಿಬ್ಬದ ಮೇಲಿದ್ದೆ. ಇನ್ನೂ ಕರಗದ ಮಂಜಿನಲ್ಲಿ ಇಂಜಿನ್, ಮುಂದೆ ಸೆರಗು ಹೊದ್ದ ಹೆಂಗಸು.

ರೈಲು ಫೋಟೋದವರ ಗ್ರೂಪಿಗೆ ಎಂದಿನ ಅಡ್ಡಹೆಸರಿನಲ್ಲೇ ಹಾಕಿದೆ. ಮೇಲೊಂದು ಸಾಲು ಮರಾಠಿಯಲ್ಲಿ—ಗಂಡ ಪೂಜೆಗೆ, ಹೆಂಡತಿ ಡ್ಯೂಟಿಗೆ! ಎರಡು ತಾಸಿಗೆ ಒಂಬೈನೂರು ಲೈಕ್.

ಜನವರಿ 12

ಯಾರೋ ಗೇಟ್ ಗುರುತಿಸಿ ಮೇಲಿನವರಿಗೆ ಕಳಿಸಿದ್ದಾನೆ. ಕ್ರಮ ಕೈಗೊಳ್ಳಬೇಕಂತೆ. ತಕ್ಷಣ ಅಳಿಸಿದೆ. ಅಷ್ಟರಲ್ಲಿ ಎಲ್ಲರ ಮೊಬೈಲಿಗೂ ಹೋಗಿತ್ತು. ಮಗ್ಗದ ಶೆಡ್‌ನಲ್ಲಿ ಜೊತೆಗೆಲಸದ ಲಗಮಣ್ಣ ನನಗೇ ತೋರಿಸಿ ನಕ್ಕ. ನಾನೂ ನಕ್ಕೆ.

ಜನವರಿ 24

ಇವತ್ತು ಧೈರ್ಯ ಮಾಡಿ ಗೇಟಿಗೆ ಹೋದೆ. ಬೇರೆ ಆಳು. ಸಾತಪ್ಪ ಸಸ್ಪೆಂಡ್. ಫೋಟೋಗಿಂತ ನನ್ನ ಆ ಸಾಲೇ ಅವರನ್ನು ಹಿಡಿದುಕೊಟ್ಟಿದೆ. ಇಲ್ಲದಿದ್ದರೆ ಪೂಜೆಯ ಮಾತು ಮೇಲಿನವರಿಗೆ ಎಲ್ಲಿಂದ ಗೊತ್ತಾಗಬೇಕು? ಮನೆ ಹುಡುಕಿಕೊಂಡು ಹೋದೆ. ಬಾಳವ್ವ ಒಬ್ಬರೇ ಇದ್ದರು.

"ಟ್ರ್ಯಾಕ್ಟರ್ ಮ್ಯಾಲೆ ಕುಂತಾಂವ ಯಾವನೋ ಫೋಟೋ ಹೊಡದಾನ್ರಿ ಅಣ್ಣಾ. ನಿಮಗ ಈ ಫೋಟೋ ಮಂದಿ ಗುರ್ತ ಅದಾರಲ್ಲ, ಯಾರಂತ ನೋಡ್ರಿ. ಪೂಜಿ ಮಾಡೂದು ನಗೂ ಮಾತೇನಂತ ಅಂವನ್ನ ಕೇಳಬೇಕ್ರಿ ನಾ."

"ನೋಡತೇನಿ ಅಕ್ಕಾ" ಎಂದೆ. ಕೊಟ್ಟ ಚಹಾ ಕುಡಿದೆ. ಥೂ.

ಫೆಬ್ರುವರಿ 3ಕ್ಕೆ ವಿಚಾರಣೆ. ಗೇಟ್ ಹಾಕಿದ್ದೂ ಹೆಂಡತಿಯೇ ಎಂದು ಆರೋಪಪತ್ರದಲ್ಲಿ ಬರೆದಿದ್ದಾರಂತೆ. ಅದು ಸುಳ್ಳೆಂದು ಸಾಬೀತಾಗದಿದ್ದರೆ ನೌಕರಿ ಹೋಗುತ್ತದೆ. ಸಾತಪ್ಪ ಗೇಟ್ ಹಾಕುವ ಫೋಟೋ ನನ್ನ ಹತ್ತಿರವಿದೆ, ಸಮಯದ ಸಮೇತ. ಕೊಟ್ಟರೆ ಅವರು ಉಳಿಯಬಹುದು. ಕೊಟ್ಟರೆ, ಇನ್ನೊಂದನ್ನು ತೆಗೆದವನೂ ನಾನೇ ಎಂದು ತಿಳಿಯುತ್ತದೆ.

ಜನವರಿ 31

ವಾರವಿಡೀ ನೆಪ ಹುಡುಕಿದೆ. ಇವತ್ತು ಕಾಂಚನಾಳಿಗೆ ಎಲ್ಲ ಹೇಳಿದೆ, ಗಡಹಿಂಗ್ಲಜದ ಸುಳ್ಳನ್ನೂ. ಬೈಯಲಿಲ್ಲ.

"ನನಗ ಹೇಳಿದ ಸುಳ್ಳು ಮನ್ಯಾಗಿಂದು, ಇರಲಿ. ಆಕಿ ಕೈಯಾಗಿನ ಚಹಾ ಹೆಂಗ ಕುಡದ್ರಿ?"

ಎದ್ದು ಕ್ಯಾಮೆರಾದಿಂದ ಫೋಟೋ ಇದ್ದ ಕಾರ್ಡ್ ತೆಗೆದಿಟ್ಟೆ.

ಫೆಬ್ರುವರಿ 3, 11:20

ಆಫೀಸಿನ ಹೊರಗಿನ ಬೆಂಚು. ಫೋಟೋ ಇರುವ ಕಾರ್ಡ್ ಜೇಬಿನಲ್ಲಿದೆ. ಸಾತಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಾರೆ. ನನ್ನನ್ನು ಕಂಡದ್ದೇ ಎದ್ದು ನಿಂತು ಹೆಂಡತಿಯ ಕಡೆ ತಿರುಗಿದರು.

"ನಾ ಹೇಳಿದ್ದಿಲ್ಲೇನ? ನಮ್ಮಾಂವ ಒಬ್ಬನಾರ ಬಂದ ಬರತಾನ ಅಂತ!"

ಸರಿದು ಜಾಗ ಕೊಟ್ಟರು. ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಕೊಟ್ಟರು. "ತಿನ್ರಿ. ಪೂಜಿ ಮನ್ಯಾಗ ಸಾವಕಾಶ ಆಗೇತಿ. ಈಗ ಟೈಮ್‌ಗೇನ ಕಡಿಮಿ ಇಲ್ರಿ." ನಕ್ಕರು. ರೊಟ್ಟಿ ತೊಡೆಯ ಮೇಲಿದೆ, ತಿಂದಿಲ್ಲ.

ಒಳಗೆ ಸಾಹೇಬರ ಬಾಯಿಂದ ಇವರಿಗೆ ಗೊತ್ತಾಗಬಾರದು. ಕರೆಯುವ ಮೊದಲು ನಾನೇ ಹೇಳಬೇಕು, ಇಬ್ಬರಿಗೂ. ಚಹಾ ಕುಡಿದ ಆ ದಿನದ ಹಾಗೆ ನಾಲಿಗೆ ಹೊರಳಬಾರದೆಂದು ಮೊದಲು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ—

ಸಾತಪ್ಪಣ್ಣಾ, ಬಾಳವ್ವಕ್ಕಾ, ಆ ಟ್ರ್ಯಾಕ್ಟರ್ ಮ್ಯಾಲೆ ಕುಂತ ಯಾರೂ ಫೋಟೋ ಹೊಡದಿಲ್ರಿ. ಹೊಡದಾಂವ ನಾನ.