ಕೇದಾರಕ್ಕೆ ಎರಡು ಟಿಕೆಟ್

ಜುಲೈ 7, ಸೋಮವಾರ. ಬೆಳಿಗ್ಗೆ 8.10

ಬಳ್ಳಾರಿ ಕೋಟೆ ಗುಡ್ಡ ಹತ್ತಿ ಇಳಿದದ್ದು ಐವತ್ತೆರಡು ನಿಮಿಷ. ನಿನ್ನೆಗಿಂತ ಮೂರು ಕಡಿಮೆ. ಮೆಟ್ಟಿಲು ಎಣಿಸಿದೆ, ಇವತ್ತೂ ಬೇರೆಯೇ ಲೆಕ್ಕ ಬಂತು. ಸಿರುಗುಪ್ಪದಲ್ಲಿ ಮೂವತ್ತಮೂರು ವರ್ಷ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿದವನಿಗೆ ಮೆಟ್ಟಿಲು ಎಣಿಸಲು ಬರುವುದಿಲ್ಲ. ಪುಣ್ಯಕ್ಕೆ ಇದನ್ನು ಯಾರೂ ಓದುವುದಿಲ್ಲ.

ಬೆನ್ನಿನ ಬ್ಯಾಗಿನಲ್ಲಿ ಐದು ಕೆಜಿ ಅಕ್ಕಿ. ಅಭ್ಯಾಸಕ್ಕೆ. ವಾಕಿಂಗ್ ಬರುವವರೊಬ್ಬರು ಕೇಳಿದರು — "ಏನ್ ಜಂಬುನಾಥ ಸರ್, ಮ್ಯಾಲೆ ಹೋಗಿ ಅಡಿಗಿ ಮಾಡ್ತೀರೇನು?" ನಕ್ಕೆ. ಒಳಗೆ ಸಿಟ್ಟು ಬಂದಿತ್ತು.

ಹಿಂದೆ ಹೆಂಡತಿ ಚನ್ನವೀರಮ್ಮ. ಬ್ಯಾಗಿಲ್ಲ, ಬೂಟಿಲ್ಲ, ವಾಚಿಲ್ಲ. ಹವಾಯಿ ಚಪ್ಪಲಿ, ಎರಡೂ ಮೊಣಕಾಲಿಗೆ ಪಟ್ಟಿ. ನನಗಿಂತ ಒಂಬತ್ತು ನಿಮಿಷ ತಡ. ಆದರೆ ಏದುಸಿರಿಲ್ಲ. ಇದಕ್ಕೆ ಕಾರಣ ಇನ್ನೂ ಸಿಕ್ಕಿಲ್ಲ.

ಸೆಪ್ಟೆಂಬರ್ 22ಕ್ಕೆ ಕೇದಾರ. ಹದಿನಾರು ಕಿಲೋಮೀಟರ್ ಏರು, ನಡೆದೇ. ಕುದುರೆ ಇಲ್ಲ, ಡೋಲಿ ಇಲ್ಲ, ಹೆಲಿಕಾಪ್ಟರ್ ಇಲ್ಲ — ಇವಳ ಕಂಡೀಷನ್. ಹನ್ನೊಂದು ವರ್ಷದ ಹಿಂದೆ ಸಿರುಗುಪ್ಪ ರೋಡಿನಲ್ಲಿ ಭತ್ತದ ಲಾರಿಯೊಂದು ನನ್ನ ಬೈಕಿಗೆ ಹೊಡೆದಾಗ ಐಸಿಯು ಬಾಗಿಲಲ್ಲಿ ನಿಂತು ಹೊತ್ತ ಹರಕೆ. ಬದುಕಿದರೆ ಇಬ್ಬರೂ ನಡೆದು ಬರುತ್ತೇವೆ ಅಂತ. ನನ್ನನ್ನು ಕೇಳಿರಲಿಲ್ಲ. ಕೇಳಿದರೆ ಹೇಳುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ.

ಆಮೇಲೆ ಹನ್ನೊಂದು ವರ್ಷ ಮುಂದೂಡಿದವನು ನಾನು. ವ್ಯಾಲ್ಯುಯೇಷನ್, ಎಲೆಕ್ಷನ್ ಡ್ಯೂಟಿ, ಮಗಳ ಮದುವೆ... ಕೆಲವು ವರ್ಷ ಬರೀ ಸೋಮಾರಿತನ. ಈಗ ಇವಳಿಗೆ ಅರವತ್ತು. ಮೊಣಕಾಲು ನೋಡಿದ ಡಾಕ್ಟರು ಹೇಳಿಬಿಟ್ಟಿದ್ದಾರೆ, ಹತ್ತುವುದಿದ್ದರೆ ಈ ವರ್ಷವೇ ಹತ್ತಿ ಅಂತ. ಅದಕ್ಕೇ ಹೊರಟಿದ್ದೇನೆ. ನನಗೇನೂ ಕೇದಾರ ಬೇಕಾಗಿಲ್ಲ. ನನ್ನ ಲಿಂಗದ ಕರಡಿಗೆ ದೇವರ ಗೂಡಿನಲ್ಲಿ ಕೂತಿದೆ, ಮದುವೆ ಮನೆಗೆ ಹೋಗುವಾಗಷ್ಟೇ ಕೊರಳಿಗೆ ಬರುತ್ತದೆ.

ಜುಲೈ 12, ಶನಿವಾರ

ಟೈಂಟೇಬಲ್ ರೆಡಿ. ನಡಿಗೆ ಶುರುವಾಗುವ ಗೌರಿಕುಂಡ ಬಿಡುವುದು ಬೆಳಿಗ್ಗೆ 4.30. ಅರ್ಧ ಗಂಟೆಗೊಮ್ಮೆ ನೀರು, ಗಂಟೆಗೊಮ್ಮೆ ಗ್ಲುಕೋಸ್, ಎರಡು ಕಡೆ ಹತ್ತು ಹತ್ತು ನಿಮಿಷ ವಿಶ್ರಾಂತಿ. ಅಡುಗೆಮನೆ ಗೋಡೆಗೆ ಅಂಟಿಸಿದೆ. ಇವಳು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು.

"ನೀರು ನಂಗ ಬ್ಯಾಡ. ಲಿಂಗಪೂಜಿ ಆಗೂತನಕ ಹನಿ ನೀರೂ ಕುಡಿಯಂಗಿಲ್ಲ ನಾ."

"ಪೂಜಿ ಎಲ್ಲಿ ಮಾಡ್ತಿ?"

"ಮ್ಯಾಲೆ. ಅವನ ಮುಂದ."

ಅಂದರೆ ಎಂಟು ಗಂಟೆಗೂ ಹೆಚ್ಚು ನೀರಿಲ್ಲದೆ, ಹನ್ನೊಂದು ಸಾವಿರ ಅಡಿಗೆ. ಡಿಹೈಡ್ರೇಷನ್ ಎಂದರೇನು, ಎತ್ತರಕ್ಕೆ ಹೋದಂತೆ ರಕ್ತಕ್ಕೆ ಏನಾಗುತ್ತದೆ, ಎಲ್ಲ ಬಿಡಿಸಿ ಹೇಳಿದೆ. ಬೆಂಡೆಕಾಯಿ ಹೆಚ್ಚುತ್ತಲೇ ಕೇಳಿದಳು.

"ನಮ್ಮವ್ವ ಶ್ರೀಶೈಲಕ್ಕ ಹಿಂಗ ನಡ್ಕೊಂಡ್ ಹೋಗಿದ್ಳು."

ಶ್ರೀಶೈಲ ಅಷ್ಟು ಎತ್ತರ ಇಲ್ಲ ಎಂದೆ.

"ನಮ್ಮವ್ವನೂ ನನ್ನಷ್ಟು ಎತ್ತರ ಇದ್ದಿಲ್ಲ ಬಿಡ್ರಿ."

ಟೈಂಟೇಬಲ್ಲಿನ ಒಂದು ಮೂಲೆ ಎದ್ದಿತ್ತು, ಮತ್ತೆ ಒತ್ತಿ ಅಂಟಿಸಿದೆ.

ಜುಲೈ 14, ಸೋಮವಾರ. ಬೆಳಿಗ್ಗೆ 9.20

ಪ್ರಯೋಗ. ಇವಳ ಹಾಗೆ ನಾನೂ ಹನಿ ನೀರು ಕುಡಿಯದೆ ಹತ್ತುವುದು, ಆಗುವುದಿಲ್ಲ ಅಂತ ತೋರಿಸುವುದು.

ಫಲಿತಾಂಶ: ಮುಕ್ಕಾಲು ಗುಡ್ಡಕ್ಕೆ ಎದೆಯ ನಡುವೆ ಬಿಗಿ. ಎಡ ದವಡೆಯವರೆಗೂ ಎಳೆತ. ಬಂಡೆ ಮೇಲೆ ಕೂತೆ. ನಾಲ್ಕು ನಿಮಿಷಕ್ಕೆ ಹೋಯಿತು. ನಿಷ್ಕರ್ಷೆ — ನೀರಿಲ್ಲದಿದ್ದರೆ ಎದೆ ಬಿಗಿಯುತ್ತದೆ.

ಇವಳು ಬಂದು ನಿಂತಳು. "ಮಾರಿ ಯಾಕ ಬೆಳ್ಳಗ ಐತಿ?"

"ನೀರಿಲ್ದ ಹತ್ತಿದ್ರ ಹಿಂಗ ಸುಸ್ತಾಗ್ತೈತಿ, ನೋಡು."

"ನಂಗೇನೂ ಆಗ್ಲಿಲ್ಲಲ್ರಿ."

ಎದೆಯ ವಿಷಯ ಹೇಳಲಿಲ್ಲ. ಸುಮ್ಮನೆ ಗಾಬರಿಯಾಗುತ್ತಾಳೆ.

ಜುಲೈ 17, ಗುರುವಾರ

ಇವತ್ತು ಒಂದು ಲೀಟರ್ ನೀರು ಕುಡಿದು ಹತ್ತಿದೆ. ಅದೇ ಜಾಗ, ಅದೇ ಬಿಗಿ. ಹಾಗಾದರೆ ನೀರಲ್ಲ. ನಿನ್ನೆ ಸಂಜೆ ಮಂಡಕ್ಕಿ ಒಗ್ಗರಣೆ ಜೊತೆ ನಾಲ್ಕು ಮಿರ್ಚಿ ಬಜ್ಜಿ ತಿಂದಿದ್ದೆ. ಗ್ಯಾಸ್. ಅಜವಾನ ಅಗಿದು ಬಿಸಿನೀರು ಕುಡಿದೆ, ತೇಗು ಬಂತು. ಗ್ಯಾಸೇ.

ಆಗಸ್ಟ್ 3, ಭಾನುವಾರ. ರಾತ್ರಿ 8

ಹದಿನೇಳು ದಿನ ಬರೆದಿಲ್ಲ. ಮಿರ್ಚಿ ಬಿಟ್ಟು ಹದಿನೇಳು ದಿನ. ಅಕ್ಕಿಯನ್ನೂ ಎರಡು ಕೆಜಿಗೆ ಇಳಿಸಿದ್ದೇನೆ, ಯಾಕೆ ಅಂತ ಇವಳು ಕೇಳಿಲ್ಲ.

ಕುರುಗೋಡಿಗೆ ಹೋಗಿ ಬಂದೆವು. ಇವಳ ತವರು. ಬಸವೇಶ್ವರನ ಗುಡಿ ಕಟ್ಟೆ ಮೇಲೆ ಕೇದಾರದ ಮೀಟಿಂಗ್. ಒಟ್ಟು ಏಳು ಜನ. ಲೀಡರ್ ನನ್ನ ಬಾಮೈದ ಗಾದಿಲಿಂಗಪ್ಪ. ಬೀಜ-ಗೊಬ್ಬರದ ಅಂಗಡಿ ಇಟ್ಟವನು, ಎರಡು ಸಲ ಹೋಗಿ ಬಂದವನು. ಸ್ವೆಟರ್ ಎಷ್ಟು, ರೇನ್‌ಕೋಟ್ ಎಂಥದ್ದು ಅಂತ ಎಲ್ಲ ಹೇಳಿದ. ರಿಜಿಸ್ಟ್ರೇಷನ್ ಆಗಿದೆ. ಟಿಕೆಟ್ ಕನ್ಫರ್ಮ್.

ನೀರಿನ ತಕರಾರೂ ಮುಗಿಯಿತು. ಮಠದ ಅಯ್ಯನವರು ಕೂತಿದ್ದರು. "ಹೊರಡೋಕಿಂತ ಮೊದ್ಲು ರೂಮಿನಾಗ ಪೂಜಿ ಮಾಡ್ಕೊಳ್ರಿ ತಾಯಿ. ಲಿಂಗ ನಿಮ್ಮ ಎದಿ ಮ್ಯಾಲೆ ಐತಿ, ಅವ ಮ್ಯಾಲಷ್ಟೇ ಅದಾನೇನು?" ಇವಳು ಕೈಮುಗಿದು ಒಪ್ಪಿಬಿಟ್ಟಳು. ನಾನು ಮೂರು ವಾರ ಹೇಳಿದ್ದು ನೀರಿನಲ್ಲಿ ಹೋಮ.

ಗಾದಿಲಿಂಗಪ್ಪನ ಇನ್ನೊಂದು ರೂಲ್. ಐವತ್ತು ದಾಟಿದವರು ಡಾಕ್ಟರ್ ಸರ್ಟಿಫಿಕೇಟ್ ತರಬೇಕು. "ಮಾವಾರ, ನಿಮ್ದೇನ್ ಚಿಂತಿಲ್ಲ. ನೀವು ಅಕ್ಕಿ ಹೊತ್ಕೊಂಡು ಗುಡ್ಡ ಹತ್ತೋ ಮನುಷ್ಯಾರು." ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಆಗಸ್ಟ್ 11, ಶ್ರಾವಣ ಸೋಮವಾರ

ಅರ್ಧ ಗುಡ್ಡಕ್ಕೇ ಬಂತು. ಬ್ಯಾಗಿಲ್ಲ, ಮಿರ್ಚಿಯಿಲ್ಲ, ನೀರಿತ್ತು. ಇವಳು ಜೊತೆಗೇ ಇದ್ದಳು. ಬೂಟಿನ ದಾರ ಕಟ್ಟುವ ನೆಪದಲ್ಲಿ ಮೂರು ಸಲ ಬಗ್ಗಿದೆ.

"ಆ ದಾರಕ್ಕೇನಾಗೈತ್ರಿ ಇವತ್ತು?"

"ಹೊಸಾದು ತರಬೇಕು."

ಹೆದರಿಕೆಯಾಗಿದೆ. ಬೇರೆ ಪದ ಹುಡುಕಿದೆ, ಇಲ್ಲ.

ಆಗಸ್ಟ್ 19, ಮಂಗಳವಾರ

ಪೆನ್ಷನ್ ಪೇಪರಿನ ಕೆಲಸ ಅಂತ ಸುಳ್ಳು ಹೇಳಿ ಸಿರುಗುಪ್ಪ ಬಸ್ ಹತ್ತಿದೆ. ಬಳ್ಳಾರಿಯಲ್ಲಿ ಯಾವ ಡಾಕ್ಟರ ಹತ್ತಿರ ಹೋದರೂ ವೇಟಿಂಗ್ ಹಾಲಿನಲ್ಲಿ ಇವಳ ನೆಂಟರೊಬ್ಬರು ಇರುತ್ತಾರೆ. ಸಿರುಗುಪ್ಪದಲ್ಲಿ ಖುಷ್ಬೂ ಇದ್ದಾಳೆ. ನನ್ನ ಹಳೇ ವಿದ್ಯಾರ್ಥಿನಿ, ಈಗ ಅಲ್ಲಿ ಕ್ಲಿನಿಕ್. ನನ್ನ ಮಾತು ಮೀರಲಾರಳು ಅಂದುಕೊಂಡಿದ್ದೆ.

ಇಸಿಜಿ ತೆಗೆದಳು. ಎಷ್ಟು ದಿನದಿಂದ, ಎಲ್ಲಿ, ಎಷ್ಟು ಹೊತ್ತು — ಎಲ್ಲ ಕೇಳಿದಳು. ಪೇಪರನ್ನು ಎರಡು ಸಲ ನೋಡಿದಳು.

"ಸರ್, ಇದು ಗ್ಯಾಸ್ ಅಲ್ಲ. ನಾಳೇನೇ ಬಳ್ಳಾರಿನಾಗ ಆಂಜಿಯೋಗ್ರಾಂ ಮಾಡಿಸ್ರಿ. ಈ ವರ್ಷ ಕೇದಾರ ಅಂತೂ ಮರ್ತುಬಿಡ್ರಿ."

ಕೇಳಬಾರದ್ದನ್ನು ಕೇಳಿದೆ. ಸರ್ಟಿಫಿಕೇಟ್ ಕೊಟ್ಟುಬಿಡಮ್ಮ, ಹೋಗಿ ಬಂದ ಮೇಲೆ ಏನು ಹೇಳುತ್ತೀಯೋ ಅದನ್ನೆಲ್ಲ ಮಾಡಿಸುತ್ತೇನೆ.

ಇಸಿಜಿ ಪೇಪರ್ ಮಡಚಿ ನನ್ನ ಕೈಗಿಟ್ಟಳು. ಆಮೇಲೆ, "ಪೆಂಡುಲಮ್ ಪ್ರಯೋಗದಾಗ ನಾನು ರೀಡಿಂಗ್ ತಿದ್ದಿದ್ದೆ. ನೀವು ರೆಕಾರ್ಡ್ ಹರ್ದು ಕೈಯಾಗ ಕೊಟ್ರಿ. ನೆನಪೈತೇನ್ ಸರ್?"

ನೆನಪಿರಲಿಲ್ಲ. ಹರಿದಿರುತ್ತೇನೆ, ಅನುಮಾನವಿಲ್ಲ. ಮಾತ್ರೆ ಬರೆದುಕೊಟ್ಟಳು, ಫೀಸ್ ತಗೊಳ್ಳಲಿಲ್ಲ. ಬಸ್ ಸ್ಟ್ಯಾಂಡಿನತನಕ ತನ್ನ ಕಾರಿನಲ್ಲೇ ಬಿಟ್ಟಳು. ನಡೆಯಬೇಡಿ ಅಂದಳು. ಇನ್ನೂರು ಮೀಟರ್!

ಆಗಸ್ಟ್ 20, ಬುಧವಾರ

ಹೇಳಿದರೆ ಇವಳು ಹೋಗುವುದಿಲ್ಲ. ಹರಕೆ ಇಬ್ಬರದು. ಮುಂದಿನ ವರ್ಷಕ್ಕೆ ಮೊಣಕಾಲು ಇರುವುದಿಲ್ಲ. ಹನ್ನೊಂದು ವರ್ಷ ನಾನು ತಿಂದೆ, ಹನ್ನೆರಡನೆಯದನ್ನೂ ತಿಂದಂತಾಯಿತು. ಹೇಳದಿದ್ದರೆ ಹತ್ತಬೇಕು. ಹತ್ತಿದರೆ ದಾರಿಯಲ್ಲೇ ಏನಾದರೂ ಆದೀತು, ಅದನ್ನು ಇವಳ ಕಣ್ಣೆದುರಿಗೆ...

ಬಾಲ್ಕನಿಯಲ್ಲಿ ಉಣ್ಣೆಯ ಟೋಪಿಗಳನ್ನು ಬಿಸಿಲಿಗೆ ಹಾಕಿದ್ದಾಳೆ. ಎರಡು. ಬಳ್ಳಾರಿ ಬಿಸಿಲಿಗೆ ಉಣ್ಣೆಯ ಟೋಪಿ. ನೋಡಿದರೆ ನಗು ಬರಬೇಕು.

ಆಗಸ್ಟ್ 22, ಶುಕ್ರವಾರ. ಮಧ್ಯಾಹ್ನ 3

ಹೇಳಿದೆ. ಊಟ ಬಡಿಸುತ್ತಿದ್ದಳು. ಇಸಿಜಿ ಪೇಪರ್ ತಟ್ಟೆ ಪಕ್ಕ ಇಟ್ಟೆ. ಎದೆ ಬಿಗಿ, ಬಂಡೆ, ಬೂಟಿನ ದಾರ, ಪೆನ್ಷನ್ ಪೇಪರಿನ ಸುಳ್ಳು — ಎಲ್ಲ. ಅಳುತ್ತಾಳೆ ಅಂದುಕೊಂಡಿದ್ದೆ.

"ಜುಲೈದಾಗ ಶುರು ಆತಾ?"

"ಹೂಂ."

"ಒಂದ್ ತಿಂಗ್ಳ ಮ್ಯಾಲಾತು." ಅನ್ನದ ಪಾತ್ರೆ ಮುಚ್ಚಿದಳು. "ನಾನು ದಿನಾ ನಿಮ್ಮ ಹಿಂದ ಹತ್ತಾಕತ್ತಿದ್ದೆ. ನೀವು ಬಿದ್ರ ಎತ್ತಬೇಕು ಅಂತ ನಿಧಾನ ಬರ್ತಿದ್ದೆ. ನನ್ ಮುಂದ ನಾಟಕ ಮಾಡಿದ್ರಿ."

ಆ ಒಂಬತ್ತು ನಿಮಿಷದ ಕಾರಣ ಹಾಗಾದರೆ ಮೊಣಕಾಲಲ್ಲ. ನಾಚಿಕೆಯಾಯಿತು. ತಕ್ಷಣ ಇವಳು ಹೊಸಪೇಟೆಯ ಮಗಳು ಅಕ್ಷತಾಳಿಗೆ ಫೋನ್ ಮಾಡಿದಳು, ಆಸ್ಪತ್ರೆಗೆ ಫೋನ್ ಮಾಡಿದಳು. ಕೇದಾರದ ಹೆಸರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಆಗಸ್ಟ್ 30, ಶನಿವಾರ

ಮನೆಗೆ ಬಂದು ಎರಡು ದಿನ. ಒಂದು ಬ್ಲಾಕ್, ಒಂದು ಸ್ಟೆಂಟ್. ಮಣಿಕಟ್ಟಿನಿಂದ ಹೋಗಿ ಎದೆ ರಿಪೇರಿ ಮಾಡಿ ಬಂದರು, ವಿಜ್ಞಾನ ದೊಡ್ಡದು. ಸದ್ಯಕ್ಕೆ ಎತ್ತರದ ಜಾಗ ಬೇಡ, ವರ್ಷ ಕಳೆಯಲಿ, ಆಮೇಲೆ ನೋಡೋಣ ಅಂದರು ಡಾಕ್ಟರು. ಮನೆಯೊಳಗೇ ವಾಕಿಂಗ್. ಹಾಲಿನಿಂದ ಅಡುಗೆಮನೆಗೆ ಹದಿನಾಲ್ಕು ಹೆಜ್ಜೆ. ಪ್ರತಿ ಸಲವೂ ಹದಿನಾಲ್ಕೇ.

ಒಂದು ಭಾಷಣ ಸಿದ್ಧ ಮಾಡಿಕೊಂಡಿದ್ದೇನೆ. ಇವಳು "ನಾನೂ ಹೋಗಂಗಿಲ್ಲ" ಅನ್ನುತ್ತಾಳಲ್ಲ, ಆಗ ಹೇಳಬೇಕಾದದ್ದು. ನನಗಾಗಿ ನಿಲ್ಲಬೇಡ, ಹರಕೆ ನಿನ್ನದು, ಹೋಗಿ ಬಾ — ಹೀಗೆ. ಚೆನ್ನಾಗಿ ಬಂದಿದೆ.

ಸೆಪ್ಟೆಂಬರ್ 4, ಗುರುವಾರ. ಸಂಜೆ

ಗಾದಿಲಿಂಗಪ್ಪ ನೋಡಲು ಬಂದಿದ್ದ. ಚಹಾ ಕುಡಿದು ಮೆಲ್ಲಗೆ ತೆಗೆದ — "ಅಕ್ಕ, ಆ ಎರಡು ಟಿಕೆಟ್ ಕ್ಯಾನ್ಸಲ್ ಮಾಡ್ಲೇನು?"

"ಒಂದು" ಎಂದಳು.

"ಹಾಂ?"

"ಒಂದ ಕ್ಯಾನ್ಸಲ್ ಮಾಡು. ನಿಮ್ಮ ಮಾವಾರದು. ನಾನು ಬರ್ತೀನಿ."

ಕಪ್ಪು ತೊಳೆಯಲು ಒಳಗೆ ಹೋದಳು. ಗಾದಿಲಿಂಗಪ್ಪ ನನ್ನ ಮುಖ ನೋಡಿದ. ನಾನು ಪೇಪರ್ ಎತ್ತಿಕೊಂಡೆ.

ನಾನು ಬಯಸಿದ್ದೂ ಇದನ್ನೇ. ಭಾಷಣ ಉಳಿಯಿತು, ಅಷ್ಟೇ. ಆದರೆ ಮೈ ಉರಿಯುತ್ತಿದೆ. ಒಂದು ಸಲ, ಒಂದೇ ಒಂದು ಸಲ ನನ್ನನ್ನು ಕೇಳಬಹುದಿತ್ತು. ಹರಕೆ ಹೊರುವಾಗಲೂ ಕೇಳಲಿಲ್ಲ, ಬಿಟ್ಟು ಹೋಗುವಾಗಲೂ ಇಲ್ಲ. ಇನ್ನೂ ಒಂದು ಮಾತು. ಕೇದಾರ ಬೇಕಾಗಿಲ್ಲ ಅಂತ ಜುಲೈನಲ್ಲಿ ಬರೆದಿದ್ದೇನೆ. ಸುಳ್ಳು. ಬೇಕು. ಎರಡು ತಿಂಗಳು ಮ್ಯಾಪ್ ನೋಡಿ ನೋಡಿ ಪ್ರತಿ ತಿರುವೂ ಬಾಯಿಪಾಠ ಆಗಿದೆ.

ಸೆಪ್ಟೆಂಬರ್ 17, ಬುಧವಾರ

ಹೋದಳು. ಗುಂತಕಲ್ಲಿನಲ್ಲಿ ದಿಲ್ಲಿ ರೈಲು. ಬಳ್ಳಾರಿ ಸ್ಟೇಷನ್ ತನಕ ನಾನೂ ಹೋಗಿದ್ದೆ. ಬೂಟು ಹಾಕಿದ್ದಾಳೆ, ಕೊನೆಗೂ. ಎರಡು ವಾರದಿಂದ ಇಬ್ಬರ ನಡುವೆ ಮಾತ್ರೆಯ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಕಿಟಕಿಯಿಂದ, "ಬೆಳಗಿಂದು ಒಂದು, ಸಂಜಿದು ಎರಡು. ತಪ್ಪಸ್ಬ್ಯಾಡ್ರಿ" ಎಂದಳು. ಹೂಂ ಎಂದೆ. ಹುಷಾರು ಅನ್ನಬೇಕೆಂದಿದ್ದೆ, ಅಷ್ಟರಲ್ಲಿ ರೈಲು ಹೊರಟಿತು. ಗಟ್ಟಿಯಾಗಿ ಕೂಗಿದ್ದರೆ ಕೇಳುತ್ತಿತ್ತು.

ಮಗಳು ಬಂದಿದ್ದಾಳೆ. ಸಪ್ಪೆ ಅಡುಗೆ.

ಸೆಪ್ಟೆಂಬರ್ 22, ಸೋಮವಾರ. ಮಧ್ಯಾಹ್ನ 1.15

ಟೈಂಟೇಬಲ್ ಪ್ರಕಾರ 12.50ಕ್ಕೆ ಮೇಲೆ. ಫೋನಿಲ್ಲ. ಗಾದಿಲಿಂಗಪ್ಪನ ಫೋನ್ ನಾಟ್ ರೀಚಬಲ್. ಬೆಳಿಗ್ಗೆಯಿಂದ ಹಾಲ್-ಅಡುಗೆಮನೆ ಓಡಾಟ. ಕೂತುಕೊಳ್ಳಿ ಅಂತ ಅಕ್ಷತಾ ಬೈದಳು.

3.40

ಇಲ್ಲ.

ಸಂಜೆ 5.25

ಬಂತು. ಗಾಳಿಯ ಸದ್ದು, ಗಂಟೆ, ಜನ. ಇವಳ ಏದುಸಿರು. ಇವಳು ಏದುಸಿರು ಬಿಟ್ಟದ್ದು ನಾನು ಕೇಳಿದ್ದು ಇದೇ ಮೊದಲು.

"ಮುಟ್ಟೀನ್ರಿ. ನಡ್ಕೊಂಡ."

"ಮೊಣಕಾಲು?"

"ಹೋದ್ವು. ಇನ್ನೊಮ್ಮಿ ಆಗೂದಿಲ್ಲ ನನ್ನಿಂದ." ಉಸಿರು ತಗೊಂಡಳು. "ನನ್ನ ಪಾಲಿನ ಹರಕಿ ಮುಟ್ಸೀನಿ. ನಿಮ್ದು ಅವಗ ಕೊಟ್ಟಿಲ್ಲ. ಬಾಕಿ ಇಟ್ಟೀನಿ. ಬರೋ ವರ್ಷ ಆಗ್ಲಿ, ಅದರಾಚಿ ವರ್ಷ ಆಗ್ಲಿ, ನಮ್ಮನಿಯವ್ರ ಬಂದು ಮುಟ್ಸ್ತಾರ, ಅಲ್ಲೀತನಕ ನೀನು ಅವರನ್ನ ನೋಡ್ಕೋಬೇಕು ಅಂತ ಹೇಳೀನಿ. ಅದಕ್ಕ ಬಂದೆ ನಾ ಒಬ್ಬಾಕಿ. ಮನ್ಯಾಗ ಕುಂತ್ರ ಇದನ್ನ ಹೇಳಾಕ ಆಗ್ತಿದ್ದಿಲ್ಲ."

ಇದರಲ್ಲಿ ತರ್ಕವಿಲ್ಲ ಅಂತ ಹೇಳಲು ಬಾಯಿ ತೆರೆದೆ. ಅಳು ಬಂತು. ಐವತ್ತು ವರ್ಷದಲ್ಲಿ ಅತ್ತವನಲ್ಲ, ಮಗಳ ಮುಂದೆ ಬಿಕ್ಕಿ ಬಿಕ್ಕಿ ಅತ್ತೆ.

"ಹಲೋ... ಹಲೋ. ಅದೀರೇನ್ರಿ?"

"ಅದೀನಿ" ಎಂದೆ. ಹುಷಾರಾಗಿ ಇಳಿ ಅಂತ ಇನ್ನೂ ಹೇಳಬೇಕಿತ್ತು, ಅಷ್ಟರಲ್ಲಿ ಫೋನ್ ಕಟ್ಟಾಯಿತು.